ಮಿಲಿಟರಿ ಲಾರಿಯ ತುಕ್ಕು ರಿಪೇರಿ ಹೇಗೆ ಮಾಡುತ್ತಾರೆ?

ನಾಟಾ ಹೇರಿಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಗುರ್ರ್ ಅನ್ನುತ್ತಾ ಇಳಿದು ಬರುವ ಮಿಲಿಟರಿ ಲಾರಿಯನ್ನು ನೀವೆಲ್ಲ ನೋಡಿದ್ದೀರಿ. ಈ ಬೇಸಿಗೆಯಲ್ಲಿ ಅದು ಒಂದು ತಿಂಗಳು ಕಾಣಿಸಲಿಲ್ಲ. ಗುಜರಿಗೆ ಹೋಯಿತು ಅಂತ ಕೆಲವರು ಹೇಳಿದರು. ಗುಜರಿಗೆ ಹೋಗಿರಲಿಲ್ಲ. ನಮ್ಮ ಮಾವನ ವೆಲ್ಡಿಂಗ್ ಶೆಡ್ಡಿನಲ್ಲಿ ಚಕ್ರ ಬಿಚ್ಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿತ್ತು. ರಜೆಯಲ್ಲಿ ನಾನು ಅಲ್ಲಿ ಸ್ಪ್ಯಾನರ್ ಎತ್ತಿ ಕೊಡುವ ಕೆಲಸ ಮಾಡಿದೆ. ಲಾರಿಗೆ ತುಕ್ಕು ಎಲ್ಲಿ ಹಿಡಿದರೆ ಅಪಾಯ, ಅದನ್ನು ಹೇಗೆ ಹುಡುಕುತ್ತಾರೆ, ಹೇಗೆ ಸರಿ ಮಾಡುತ್ತಾರೆ ಅಂತ ನೋಡಿದ್ದನ್ನು, ಕೇಳಿದ್ದನ್ನು ಬರೆಯುತ್ತೇನೆ. ನಮ್ಮ ತರಗತಿಯಲ್ಲೇ ಮೂವರ ಅಪ್ಪಂದಿರು ಆ ಲಾರಿಗೆ ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಇದು ನಮಗೆಲ್ಲ ಸಂಬಂಧಪಟ್ಟ ವಿಷಯ.

ಮೊದಲು ಲಾರಿಯ ಪರಿಚಯ. ಇದರ ಹೆಸರು ಶಕ್ತಿಮಾನ್. ಟಿ.ವಿ.ಯಲ್ಲಿ ಬರುತ್ತಿದ್ದ ಶಕ್ತಿಮಾನ್ ಅಲ್ಲ, ಇದು ಅವನಿಗಿಂತ ಹಿರಿಯ. ಜರ್ಮನಿಯ ಮ್ಯಾನ್ ಎಂಬ ಕಂಪನಿಯಿಂದ ಲೈಸೆನ್ಸ್ ಪಡೆದು ನಮ್ಮ ಸೈನ್ಯಕ್ಕಾಗಿ ಮಧ್ಯಪ್ರದೇಶದ ಜಬಲ್ಪುರದಲ್ಲಿ 1959ರಿಂದ ಇದನ್ನು ತಯಾರು ಮಾಡಿದರು. ಆಗ ರಕ್ಷಣಾ ಮಂತ್ರಿ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. 1996ರಲ್ಲಿ ತಯಾರಿಕೆ ನಿಂತುಹೋಯಿತು. ಅಂದರೆ ಕಟ್ಟಕಡೆಯ ಶಕ್ತಿಮಾನ್ ಲಾರಿಗೂ ನಮ್ಮೆಲ್ಲರಿಗಿಂತ ವಯಸ್ಸು ಜಾಸ್ತಿ. ಸೈನ್ಯದಲ್ಲಿ ಹಳತಾದ ಲಾರಿಗಳನ್ನು ಹರಾಜು ಹಾಕುತ್ತಾರೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವುದರಿಂದ ಕೆಸರಿನಲ್ಲಿ ಸುಲಭಕ್ಕೆ ಹೂತುಕೊಳ್ಳುವುದಿಲ್ಲ. ಅದಕ್ಕೇ ನಾಟಾ ಕೆಲಸದವರಿಗೆ ಇಂಥ ಲಾರಿ ಅಂದರೆ ಇಷ್ಟ. ಕೊಂಡವರು ಮೊದಲು ಬಣ್ಣ ಬದಲಾಯಿಸಬೇಕು. ಸೈನ್ಯದ ಆ ಆಲಿವ್ ಹಸಿರು ಬಣ್ಣವನ್ನು ಬೇರೆಯವರ ವಾಹನಕ್ಕೆ ಹೊಡೆಯಬಾರದೆಂದು ಮೋಟಾರು ವಾಹನ ನಿಯಮದಲ್ಲೇ ಇದೆ. ನಮ್ಮೂರ ಲಾರಿಗೆ ಮೇಲೆ ಕಂದು ಬಣ್ಣ. ಕೆರೆದರೆ ಒಳಗೆ ಹಸಿರು, ಅದರೊಳಗೆ ಇನ್ನೊಂದು ಹಸಿರು, ಈರುಳ್ಳಿ ಸಿಪ್ಪೆ ಇದ್ದ ಹಾಗೆ.

ಲಾರಿಯ ಕ್ಯಾಬಿನ್, ಬಾಡಿ, ಎಂಜಿನ್ ಎಲ್ಲವನ್ನೂ ತೆಗೆದಿಟ್ಟರೆ ಕೆಳಗೆ ಒಂದು ಏಣಿ ಉಳಿಯುತ್ತದೆ. ಅದೇ ಚಾಸಿ. ಎರಡು ಉದ್ದನೆಯ ಕಂಬಿ, ನಡುವೆ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಉದ್ದ ಕಂಬಿಗಳು ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿರುತ್ತವೆ, ಆದರೆ ಮೂಲೆಗಳು ಚೌಕ. ಅಡ್ಡಪಟ್ಟಿಗಳನ್ನು ರಿವೆಟ್ ಹೊಡೆದು ಕೂಡಿಸಿರುತ್ತಾರೆ. ಸಿ ಆಕಾರದ ಕೆಳಗಿನ ತುಟಿ ಒಂದು ಚರಂಡಿ ಇದ್ದ ಹಾಗೆ. ಚಕ್ರ ಎರಚಿದ ಮಣ್ಣೆಲ್ಲ ಅಲ್ಲಿ ಹೋಗಿ ಕೂರುತ್ತದೆ. ಮಣ್ಣು ಇದ್ದಲ್ಲಿ ನೀರು ಇರುತ್ತದೆ. ಮೇಲೆ ಬಿಸಿಲು ಬಂದರೂ ಆ ಮಣ್ಣು ಒಣಗುವುದಿಲ್ಲ. ನಾವು ಲಾರಿಯ ಅಡಿಯಿಂದ ಕೆರೆದು ತೆಗೆದ ಮಣ್ಣು ಎಂಟು ಬುಟ್ಟಿ! ಒಂದು ಬುಟ್ಟಿಯಲ್ಲಿ ಹುಲ್ಲು ಹುಟ್ಟಿತ್ತು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ಮಾಡುವ ಪ್ರಯೋಗ ವಿಜ್ಞಾನ ಪಾಠದಲ್ಲಿ ಬರುತ್ತದೆ. ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿಟ್ಟ ಮೊಳೆಗೂ ತುಕ್ಕು ಇಲ್ಲ, ಒಣ ಗಾಳಿಯಲ್ಲಿ ಇಟ್ಟ ಮೊಳೆಗೂ ಇಲ್ಲ. ಎರಡೂ ಸಿಕ್ಕಿದ ಮೊಳೆಗೆ ಮಾತ್ರ ತುಕ್ಕು. ನಮ್ಮ ಮಲೆನಾಡಿನಲ್ಲಿ ಗಾಳಿಗೂ ಬರ ಇಲ್ಲ, ನೀರಿಗೂ ಬರ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಇಲ್ಲಿ ಕಬ್ಬಿಣ ಉಳಿಯುವುದೇ ಕಷ್ಟ. (ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆ ಗುಡಿಯ ಎದುರು ಹಳೆಯ ಕಾಲದ ಕಬ್ಬಿಣದ ಕಂಬ ಇದೆ. ಅಷ್ಟು ಮಳೆಯಲ್ಲೂ ಅದು ನಿಂತಿದೆ. ದೆಹಲಿಯ ಕಬ್ಬಿಣದ ಕಂಬಕ್ಕೆ ಸುಮಾರು 1,600 ವರ್ಷ. ಅದರ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದ್ದು, ಮೇಲೆ ಒಂದು ತೆಳು ಪದರ ಕಟ್ಟಿ ಕಾಪಾಡುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಲಾರಿಯ ಉಕ್ಕಿನಲ್ಲಿ ಅಂಥ ರಕ್ಷಣೆ ಇಲ್ಲ.)

ಈಗ ಮುಖ್ಯ ವಿಷಯ. ತುಕ್ಕು ಕಬ್ಬಿಣವನ್ನು ತಿನ್ನುವುದಷ್ಟೇ ಅಲ್ಲ, ತಿಂದದ್ದಕ್ಕಿಂತ ದೊಡ್ಡದಾಗಿ ಉಬ್ಬುತ್ತದೆ. ಬಯಲಲ್ಲಿ ಉಬ್ಬಿದರೆ ಚಕ್ಕೆ ಎದ್ದು ಬೀಳುತ್ತದೆ, ಕಣ್ಣಿಗೂ ಕಾಣುತ್ತದೆ. ಎರಡು ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡ ಜಾಗದಲ್ಲಿ ಉಬ್ಬಿದರೆ ಹೋಗಲು ಜಾಗ ಇರುವುದಿಲ್ಲ. ಆಗ ಪ್ಲೇಟುಗಳನ್ನೇ ದೂಡುತ್ತದೆ. ಕಲ್ಲು ಒಡೆಯುವವರು ತೂತಿಗೆ ಒಣ ಮರದ ಬೆಣೆ ಹೊಡೆದು ನೀರು ಕುಡಿಸಿ ಬಂಡೆ ಸೀಳುತ್ತಿದ್ದರಲ್ಲ, ಹಾಗೆಯೇ. ದಪ್ಪ ಉಕ್ಕಿನ ಪ್ಲೇಟು ಹಪ್ಪಳದ ಹಾಗೆ ಅಲೆ ಅಲೆ ಆಗಿದ್ದನ್ನು ನಾನು ಕಣ್ಣಾರೆ ಕಂಡೆ. ರಿವೆಟ್ ತಲೆಯೇ ಹಾರಿ ಹೋಗಿತ್ತು. ಹೊರಗಿನಿಂದ ನೋಡಿದರೆ ಅಲ್ಲಿ ನುಣ್ಣಗೆ ಬಣ್ಣ! ಮಾವ ಹೇಳುವುದು, ಕಾಣುವ ತುಕ್ಕಿಗೆ ಹೆದರಬೇಡ, ಎರಡು ಪ್ಲೇಟಿನ ಸಂದಿಯಲ್ಲಿ ಕೂತಿದೆಯಲ್ಲ, ಅದಕ್ಕೆ ಹೆದರು ಅಂತ.

ಲಾರಿ ಶೆಡ್ಡಿಗೆ ಬಂದದ್ದು ಇಷ್ಟೆಲ್ಲ ಕೆಲಸಕ್ಕೆ ಅಲ್ಲ. ಯಜಮಾನರು, "ಅಡಿಗೆಲ್ಲ ಒಂದು ಕೋಟ್ ಕಪ್ಪು ಬಣ್ಣ ಹೊಡೆದು ಕೊಡು ಮಾರಾಯ, ಮುಂದಿನ ವಾರ ಎಫ್.ಸಿ.ಗೆ ತಗೊಂಡು ಹೋಗ್ಬೇಕು" ಎಂದಿದ್ದರು. ಮಾವ ಸಣ್ಣ ಸುತ್ತಿಗೆ ಹಿಡಿದು ಅಡಿಗೆ ನುಗ್ಗಿದರು. ಟಣ್, ಟಣ್, ಟಣ್ ಎಂದು ಬಡಿಯುತ್ತಾ ಹೋದರು. ಹಿಂದಿನ ಚಕ್ರದ ಹತ್ತಿರ ಡಬ್ ಅಂತ ಸದ್ದು ಬಂತು. ಇನ್ನೊಂದು ಏಟಿಗೆ ಸುತ್ತಿಗೆ ಒಳಗೇ ಹೋಯಿತು. ಹಿಂದೆ ಯಾರೋ ಆ ತೂತಿಗೆ ಗೋಣಿ ಚೂರು ತುರುಕಿ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು.

"ಇಷ್ಟು ವರ್ಷ ಓಡಿದೆ ಅಲ್ವನ?" ಎಂದರು ಯಜಮಾನರು.

"ಓಡಿದ್ದು ಹೌದು ಯಜಮಾನ್ರೆ. ನಾಟಾ ಮೇಲೆ ಆಳುಗಳು ಕೂತಿರ್ತಾರೆ. ಇದಕ್ಕೆ ಬಣ್ಣ ಹೊಡೆಯೋದು ನನ್ನ ಕೈಲಿ ಆಗಲ್ಲ. ಬಿಚ್ಚಿ ಮಾಡೋದಾದ್ರೆ ಲಾರಿ ಇಲ್ಲಿರಲಿ, ಇಲ್ಲಾಂದ್ರೆ ತಗೊಂಡು ಹೋಗಿ" ಎಂದರು ಮಾವ.

ಯಜಮಾನರು ಸಿಟ್ಟಿನಲ್ಲೇ ಹೋದರು. ಮಳೆಗೆ ಮುಂಚೆ ನಾಟಾ ಇಳಿಸದಿದ್ದರೆ ಅವರಿಗೂ ನಷ್ಟ, ಅದೂ ಸುಳ್ಳಲ್ಲ. ಮರುದಿನ ಡ್ರೈವರ್ ಸಾಬ್ರನ್ನು ಕರೆದುಕೊಂಡು ಬಂದರು. ಸಾಬ್ರು, "ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೀತದೆ ಅಂತ ನಾನು ಆಗ್ಲೇ ಹೇಳಿದ್ದೆ ಸಾಹುಕಾರ್ರೆ" ಎಂದರು. ಮಾವ ಮುಂದಿನ ಎಡಗಡೆ ಸ್ಪ್ರಿಂಗಿಗೆ ಟಾರ್ಚ್ ಹಾಕಿ ತೋರಿಸಿದರು. ಎಲ್ಲಕ್ಕಿಂತ ಮೇಲಿನ ಪ್ಲೇಟಿನಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಆಮೇಲೆ ಯಜಮಾನರು ಎರಡನೇ ಮಾತು ಆಡಲಿಲ್ಲ. ಚಕ್ರ ಬಿಚ್ಚಿದರು.

ತುಕ್ಕು ಹುಡುಕಲು ದೊಡ್ಡ ಯಂತ್ರ ಏನೂ ಬೇಡ. ಸುತ್ತಿಗೆ ಸದ್ದು ಒಂದು ಉಪಾಯ. ಮೊನಚಾದ ಉಳಿಯಿಂದ ಚುಚ್ಚಿ ನೋಡುವುದು ಇನ್ನೊಂದು. ಮೂರನೆಯದು ಅಳತೆ: ತುಕ್ಕು ಕೆರೆದ ಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ದಪ್ಪ ನೋಡುತ್ತಾರೆ. ಒಳ್ಳೆಯ ಜಾಗದಲ್ಲಿ 6 ಮಿ.ಮೀ. ಇದ್ದದ್ದು ಕೆಟ್ಟ ಜಾಗದಲ್ಲಿ 4 ಮಿ.ಮೀ. ಬಂದರೆ ಮೂರರಲ್ಲಿ ಒಂದು ಭಾಗ ಹೋಯಿತು ಅಂತ ಲೆಕ್ಕ. ಇನ್ನೊಂದು ಗುರುತು ಇದೆ, ಇದನ್ನು ಯಾರು ಬೇಕಾದರೂ ನೋಡಬಹುದು. ರಿವೆಟ್ ತಲೆಯ ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ ಇಳಿದಿದ್ದರೆ ಆ ರಿವೆಟ್ ಒಳಗೆ ಸಡಿಲ ಆಗಿ ಅಲ್ಲಾಡುತ್ತಿದೆ. ನಮ್ಮ ಲಾರಿಯಲ್ಲಿ ಅಂಥವು ಒಂಬತ್ತು ಇದ್ದವು.

ಬಿರುಕು ಹುಡುಕುವ ಉಪಾಯ ನನಗೆ ತುಂಬಾ ಇಷ್ಟವಾಯಿತು. ಕೆರೆದು ಶುದ್ಧ ಮಾಡಿದ ಜಾಗಕ್ಕೆ ಸೀಮೆಎಣ್ಣೆ ಹಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸುತ್ತಾರೆ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಬೆರಳಿನಿಂದ ಹರಡುತ್ತಾರೆ. ಆಮೇಲೆ ಸುತ್ತಿಗೆಯಿಂದ ಪಕ್ಕದಲ್ಲಿ ಮೆಲ್ಲಗೆ ಬಡಿಯಬೇಕು. ಬಿರುಕು ಇದ್ದರೆ ಅದರೊಳಗೆ ಕೂತ ಸೀಮೆಎಣ್ಣೆ ಹೊರಗೆ ಬಂದು ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಬರಿ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಎರಡು ಬೆರಳು ಉದ್ದದ ಗೆರೆ ಎದ್ದು ಬಂತು!

ಯಾವ ಜಾಗದ ತುಕ್ಕು ಹೆಚ್ಚು ಅಪಾಯ ಎಂದು ತಿಳಿಯಲು ನಿಮ್ಮ ಅಳಿಸುವ ರಬ್ಬರ್ ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ ಪೆನ್ನಿನಿಂದ ನೆಟ್ಟಗೆ ಐದಾರು ಗೆರೆ ಎಳೆಯಿರಿ. ಎರಡು ತುದಿ ಹಿಡಿದು, ನಡು ಕೆಳಗೆ ಬಾಗುವ ಹಾಗೆ ಬಗ್ಗಿಸಿ. ಮೇಲ್ಗಡೆ ಗೆರೆಗಳು ಹತ್ತಿರ ಬರುತ್ತವೆ, ಕೆಳಗೆ ದೂರ ಹೋಗುತ್ತವೆ. ನಡುವಿನಲ್ಲಿ ಹೆಚ್ಚು ಬದಲಾವಣೆ ಇಲ್ಲ. ಲೋಡು ಹಾಕಿದಾಗ ಚಾಸಿಗೂ ಹೀಗೇ ಆಗುತ್ತದೆ. ಮೇಲಿನ ತುಟಿ, ಕೆಳಗಿನ ತುಟಿಗಳ ಮೇಲೆ ಭಾರ ಜಾಸ್ತಿ. ಅಲ್ಲಿ ಸಣ್ಣ ಕಚ್ಚು ಬಿದ್ದರೂ ಕೆಟ್ಟದ್ದು. ಆ ತುಟಿಗಳಿಗೆ ತೂತು ಕೊರೆಯಬಾರದು, ಅಡ್ಡಕ್ಕೆ ವೆಲ್ಡಿಂಗ್ ಗೆರೆ ಎಳೆಯಬಾರದು ಎಂಬುದು ಅದಕ್ಕೇ. ನಮ್ಮ ಲಾರಿಯ ಪುಣ್ಯ, ದೊಡ್ಡ ತೂತು ಇದ್ದದ್ದು ನಡುವಿನ ಭಾಗದಲ್ಲಿ. ಕೆಳಗಿನ ತುಟಿ ತೂತಾಗಿದ್ದರೆ ಆ ಕಂಬಿಯನ್ನೇ ಬದಲಾಯಿಸಬೇಕಿತ್ತು, ಅಥವಾ ಲಾರಿ ನಿಜವಾಗಿ ಗುಜರಿಗೇ ಹೋಗಬೇಕಿತ್ತು ಎಂದರು ಮಾವ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ವೈರು ತೆಗೆದರು, ಡೀಸೆಲ್ ಟ್ಯಾಂಕನ್ನೇ ಬಿಚ್ಚಿ ಹೊರಗೆ ಇಟ್ಟರು, ಒಂದು ಬಕೆಟ್ ಮರಳು ಹತ್ತಿರ ಇಟ್ಟುಕೊಂಡರು. ಚಾಸಿ ನೇರ ಇದೆಯೇ ಎಂದು ನೋಡಬೇಕು. ಓರೆಯಾಗಿ ಕೂತಿದ್ದಾಗ ವೆಲ್ಡ್ ಮಾಡಿದರೆ ಓರೆಯೇ ಖಾಯಂ ಆಗುತ್ತದೆ. ಗಾರೆಯವರ ತೂಕದ ಗುಂಡನ್ನು ಚಾಸಿಯ ನಾಲ್ಕು ಕಡೆಯಿಂದ ಇಳಿಬಿಟ್ಟು ನೆಲದಲ್ಲಿ ನಾಲ್ಕು ಗುರುತು ಹಾಕಿದರು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದರು. ಆಯತದ ಕರ್ಣಗಳು ಸಮ ಎಂದು ಗಣಿತದಲ್ಲಿ ಕಲಿಯುತ್ತೇವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ. ಎರಡು ಕರ್ಣಕ್ಕೆ 3 ಮಿ.ಮೀ. ವ್ಯತ್ಯಾಸ ಬಂತು. ಈ ವಯಸ್ಸಿಗೆ ಅಷ್ಟು ಪರವಾಗಿಲ್ಲ ಎಂದರು.

ಆಮೇಲೆ ರಿವೆಟ್ ಕತ್ತರಿಸಿ ಜೋಡಿ ಪ್ಲೇಟನ್ನು ಎಬ್ಬಿಸಿದರು. ಸಂದಿಯಿಂದ ತುಕ್ಕು ಚಕ್ಕೆಗಳು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಬಿದ್ದವು. ಕೊಳೆತ ಭಾಗವನ್ನು ಒಳ್ಳೆಯ ಉಕ್ಕು ಸಿಗುವ ತನಕ ಕತ್ತರಿಸಿ ತೆಗೆದರು. ಹಾಗೆ ಕತ್ತರಿಸಿದ ಕಿಂಡಿಯ ಮೂಲೆಗಳು ಗುಂಡಗಿರಬೇಕು, ಚೂಪು ಮೂಲೆಯಿಂದ ಬಿರುಕು ಹುಟ್ಟುತ್ತದೆ. ಅದೇ ದಪ್ಪದ ಹೊಸ ಪ್ಲೇಟನ್ನು ಆ ಕಿಂಡಿಗೆ ಸರಿಯಾಗಿ ಕೂರುವ ಹಾಗೆ ಉಜ್ಜಿ, ಎರಡೂ ಬದಿಯಿಂದ ವೆಲ್ಡ್ ಮಾಡಿ, ಉಬ್ಬನ್ನು ಗ್ರೈಂಡರಿನಿಂದ ಸಮ ಮಾಡಿದರು. ಬಿರುಕಿನ ರಿಪೇರಿ ಬೇರೆ ಥರ. ಮೊದಲು ಬಿರುಕು ಮುಗಿಯುವ ತುದಿಯಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ. ತೂತು ಮಾಡಿದರೆ ಇನ್ನೂ ಹಾಳಾಗುವುದಿಲ್ಲವೇ ಎಂದು ನಾನು ಕೇಳಿದೆ. ನೀವೂ ಮಾಡಿ ನೋಡಿ. ಒಂದು ಕಾಗದದ ಅಂಚನ್ನು ಸ್ವಲ್ಪ ಸೀಳಿ ಎಳೆಯಿರಿ, ಚರ್ರನೆ ಹರಿಯುತ್ತದೆ. ಇನ್ನೊಂದು ಕಾಗದದಲ್ಲಿ ಸೀಳಿನ ತುದಿಗೆ ದುಂಡನೆ ತೂತು ಮಾಡಿ ಎಳೆಯಿರಿ, ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ಬಿರುಕಿನ ಚೂಪು ತುದಿಯೇ ಮುಂದೆ ಮುಂದೆ ಸೀಳುವುದು. ತುದಿ ದುಂಡಗಾದರೆ ಅದರ ಶಕ್ತಿ ಹೋಗುತ್ತದೆ. ಆಮೇಲೆ ಬಿರುಕನ್ನು ಗ್ರೈಂಡರಿನಿಂದ ಕಾಲುವೆಯ ಹಾಗೆ ಅಗಲ ಮಾಡಿ ತಳದಿಂದ ವೆಲ್ಡ್ ತುಂಬುತ್ತಾರೆ. ಮೇಲೆ ಮಾತ್ರ ಸವರಿದರೆ ಅದು ಪುಟ್ಟಿಗಿಂತ ಏನೂ ಉತ್ತಮ ಅಲ್ಲ.

ವೆಲ್ಡಿಂಗ್ ರಾಡುಗಳ ಮೇಲೆ ನಂಬರ್ ಇರುತ್ತದೆ. ಈ ಕೆಲಸಕ್ಕೆ ಮಾವ ಉಪಯೋಗಿಸಿದ್ದು 7018. ಆ ರಾಡಿಗೆ ಥಂಡಿ ತಾಗಬಾರದು. ರಾಡಿನ ಮೇಲ್ಪದರ ನೀರು ಎಳೆದುಕೊಂಡಿದ್ದರೆ ವೆಲ್ಡ್ ಮಾಡುವಾಗ ಆ ನೀರಿನ ಜಲಜನಕ ಉಕ್ಕಿನೊಳಗೆ ಸೇರಿ, ಆಮೇಲೆ ಒಳಗಿಂದೊಳಗೇ ಬಿರುಕು ಬಿಡುತ್ತದಂತೆ. ಅದಕ್ಕೆ ರಾಡುಗಳನ್ನು ಚೆನ್ನಾಗಿ ಬಿಸಿ ಮಾಡಿದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು ಒಂದೊಂದೇ ತೆಗೆಯುತ್ತಿದ್ದರು. ವೆಲ್ಡ್ ಆದ ಮೇಲೆ ನೀರು ಹಾಕಿ ತಣಿಸಬಾರದು, ಗಡಸಾಗಿ ಒಡೆಯುತ್ತದೆ. ಅದರಷ್ಟಕ್ಕೆ ಆರಬೇಕು. ವೆಲ್ಡಿಂಗ್ ನಡೆಯುವಾಗ ನನ್ನನ್ನು ಶೆಡ್ಡಿನ ಹೊರಗೆ ನಿಲ್ಲಿಸುತ್ತಿದ್ದರು. ಆ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದರೆ ಕಣ್ಣಿಗೆ ಮರಳು ಬಿದ್ದ ಹಾಗೆ ರಾತ್ರಿಯೆಲ್ಲ ಉರಿ. ಯಾರೂ ನೋಡಬೇಡಿ.

ಕೊನೆಗೆ ಹೊರಗಿನಿಂದ ಒಂದು ಬಲದ ಪ್ಲೇಟು ಕೊಟ್ಟು ಬೋಲ್ಟ್ ಬಿಗಿದರು. ಅದರ ಎರಡು ತುದಿಗಳನ್ನು ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರು. ನೇರ ಇದ್ದರೆ ದಪ್ಪ ಚಾಸಿ ಒಮ್ಮೆಲೇ ತೆಳು ಆಗುವ ಆ ಒಂದೇ ಗೆರೆಯಲ್ಲಿ ಎಲ್ಲ ಭಾರ ಬಿದ್ದು ಅಲ್ಲೇ ಮುರಿಯುತ್ತದೆ. ಓರೆ ಇದ್ದರೆ ಭಾರ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ. ಕೂಡಿಸುವ ಮುಂಚೆ ಎರಡು ಪ್ಲೇಟಿನ ಮುಖಕ್ಕೂ ರೆಡ್ ಆಕ್ಸೈಡ್ ಬಳಿದರು, ಅಂಚಿಗೆ ನೀರು ಇಳಿಯದ ಹಾಗೆ ಸೀಲ್ ಮಾಡಿದರು. ಇಲ್ಲದಿದ್ದರೆ ಮತ್ತೆ ಅದೇ ಸಂದಿ, ಅದೇ ತುಕ್ಕು.

ಇನ್ನು ಸ್ಪ್ರಿಂಗ್ ಪ್ಲೇಟುಗಳ ವಿಚಾರ. ಇದು ಚಾಸಿಗಿಂತ ಬೇರೆ ಜಾತಿಯ ಉಕ್ಕು. ಬಿಲ್ಲಿನ ಹಾಗೆ ಬಾಗಿದ ಪ್ಲೇಟುಗಳನ್ನು ಒಂದರ ಕೆಳಗೆ ಒಂದು ಜೋಡಿಸಿ ನಡುವೆ ಸೆಂಟರ್ ಬೋಲ್ಟ್ ಹಾಕಿರುತ್ತಾರೆ. ಯು ಬೋಲ್ಟುಗಳು ಅದನ್ನು ಆಕ್ಸಲಿಗೆ ಕಟ್ಟಿರುತ್ತವೆ. ಎಲ್ಲಕ್ಕಿಂತ ಉದ್ದದ್ದು ಮೇನ್ ಪ್ಲೇಟು. ಅದರ ಎರಡು ತುದಿ ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ, ಅದಕ್ಕೆ ಪಿನ್ನು ಹಾಕಿ ಚಾಸಿಗೆ ಕೂಡಿಸುವುದು. ಅಂದರೆ ಆಕ್ಸಲು ಹಿಂದೆ ಮುಂದೆ ಹೋಗದಂತೆ ಹಿಡಿದಿರುವುದೂ ಅದೇ. ಮೇನ್ ಪ್ಲೇಟು ಘಾಟಿ ಇಳಿಯುವಾಗ ತುಂಡಾದರೆ ಆಕ್ಸಲು ಒಂದು ಬದಿಗೆ ಸರಿದು, ಡ್ರೈವರ್ ಸ್ಟೇರಿಂಗ್ ಎತ್ತ ತಿರುಗಿಸಿದರೂ ಲಾರಿ ತನಗೆ ಬೇಕಾದ ಕಡೆ ಹೋಗುತ್ತದೆ. ಸಾಬ್ರು ಹೇಳಿದ ಎಡಕ್ಕೆ ಎಳೆಯುವುದು ಇದರ ಶುರು.

ಸೆಟ್ ಬಿಚ್ಚುವಾಗ ತುಂಬಾ ಜಾಗ್ರತೆ ಬೇಕು. ಪ್ಲೇಟುಗಳನ್ನು ಕ್ಲ್ಯಾಂಪಿನಲ್ಲಿ ಬಿಗಿಯಾಗಿ ಹಿಡಿಯದೆ ಸೆಂಟರ್ ಬೋಲ್ಟ್ ತೆಗೆದರೆ ಅವು ಚಿಮ್ಮುತ್ತವೆ, ಕೈ ಬೆರಳು ಹೋಗುತ್ತದೆ. ಬಿಚ್ಚಿ ನೋಡಿದರೆ ಪ್ಲೇಟು ಪ್ಲೇಟುಗಳ ನಡುವೆ ತುಕ್ಕು ಗಟ್ಟಿಯಾಗಿ ಎಲ್ಲವೂ ಒಂದೇ ಕಬ್ಬಿಣದ ಗಟ್ಟಿ ಆಗಿತ್ತು. ಒಂದರ ಮೇಲೊಂದು ಜಾರಬೇಕಾದ ಪ್ಲೇಟುಗಳು ಜಾರದಿದ್ದರೆ ಸ್ಪ್ರಿಂಗು ಸ್ಪ್ರಿಂಗೇ ಅಲ್ಲ, ಎತ್ತಿನ ಗಾಡಿಯ ಅಚ್ಚು. ತುಕ್ಕು ಕೊರೆದ ಗುಳಿಗಳಿಂದಲೇ ಬಿರುಕು ಹುಟ್ಟುವುದು.

ಒಡೆದ ಸ್ಪ್ರಿಂಗ್ ಪ್ಲೇಟಿಗೆ ವೆಲ್ಡಿಂಗ್ ಮಾಡಲೇಬಾರದು. ಯಾಕೆ ಅಂತ ನಮ್ಮೂರ ಆಚಾರ್ರನ್ನು ಕೇಳಿದರೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿರುವ ಒಳ್ಳೆಯ ಕತ್ತಿಗಳು ಲಾರಿ ಪ್ಲೇಟಿನಿಂದ ಮಾಡಿದವು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಕೊನೆಗೆ ಹದ ಕೊಡುತ್ತಾರೆ. ಹದ ಕೊಟ್ಟ ಕತ್ತಿಯನ್ನು ಮತ್ತೆ ಬೆಂಕಿಗೆ ಹಾಕಿದರೆ ಹದ ಹೋಗಿ ಬಾಯಿ ಮಡಚುತ್ತದೆ. ಸ್ಪ್ರಿಂಗ್ ಪ್ಲೇಟಿಗೂ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ವೆಲ್ಡ್ ಮಾಡಿದರೆ ಆ ಜಾಗದ ಹದ ಕೆಟ್ಟು, ಒಂದು ಕಡೆ ಮೆತ್ತಗೆ, ಪಕ್ಕದಲ್ಲೇ ಗಾಜಿನ ಹಾಗೆ ಗಡಸು. ಹೊಸದಾಗಿ ಕಂಡರೂ ಗುಂಡಿಗೆ ಬಿದ್ದ ಕೂಡಲೇ ಅಲ್ಲೇ ತುಂಡು. ಆದ್ದರಿಂದ ಬಿರುಕು ಬಿಟ್ಟದ್ದನ್ನು, ಆಳ ಗುಳಿ ಬಿದ್ದದ್ದನ್ನು ತೆಗೆದು ಹೊಸದು ತಂದರು. ಮುಂದಿನ ಎರಡೂ ಬದಿಗೆ ಒಟ್ಟಿಗೇ ಹಾಕಿದರು. ಒಂದು ಬದಿ ಹೊಸತು, ಒಂದು ಬದಿ ಹಳತು ಆದರೆ ಲಾರಿ ಓರೆ ನಿಲ್ಲುತ್ತದೆ. ಇದಕ್ಕೇ ಖರ್ಚು ಜಾಸ್ತಿ ಆದದ್ದು. ಉಳಿದ ಪ್ಲೇಟುಗಳನ್ನು ವೈರ್ ಬ್ರಷ್ಷಿನಲ್ಲಿ ತಿಕ್ಕಿ (ಇದು ನನ್ನ ಕೆಲಸ, ಎರಡು ದಿನ ಹಿಡಿಯಿತು), ನಡುವೆ ಗ್ರಾಫೈಟ್ ಗ್ರೀಸು ಹಚ್ಚಿ ಕೂಡಿಸಿದರು. ಯು ಬೋಲ್ಟುಗಳು ಎಲ್ಲವೂ ಹೊಸವು.

ಬಣ್ಣ ಕೊನೆಯ ಕೆಲಸ. ಕೆರೆದು ಹೊಳೆಯುವಂತೆ ಮಾಡಿದ ಉಕ್ಕಿಗೆ ಅದೇ ದಿನ ರೆಡ್ ಆಕ್ಸೈಡ್ ಬಳಿಯಬೇಕು, ರಾತ್ರಿ ಬಿಟ್ಟರೆ ಬೆಳಿಗ್ಗೆ ಇಬ್ಬನಿಗೆ ಕೆಂಪಗಾಗಿರುತ್ತದೆ. ಅದು ಒಣಗಿದ ಮೇಲೆ ಎರಡು ಕೋಟ್ ಕಪ್ಪು. ನೀರು ಇಳಿದು ಹೋಗುವ ತೂತುಗಳು ಬಣ್ಣದಲ್ಲಿ ಮುಚ್ಚಿಹೋಗದಂತೆ ಕಡ್ಡಿ ಸಿಕ್ಕಿಸಿಟ್ಟಿದ್ದರು. ಸಿ ಆಕಾರದ ಒಳಗೆ ಮಾತ್ರ ಬಣ್ಣದ ಮೇಲೆ ಎಣ್ಣೆಯನ್ನೂ ಸವರಿದರು, ಬ್ರೇಕಿನ ರಬ್ಬರ್ ಪೈಪುಗಳಿಗೆ ಬಟ್ಟೆ ಸುತ್ತಿ. ರಬ್ಬರಿಗೆ ಎಣ್ಣೆ ಆಗುವುದಿಲ್ಲ.

ಲಾರಿ ಎಫ್.ಸಿ. ಮುಗಿಸಿ ಕೆಲಸಕ್ಕೆ ಹೋಗುತ್ತಿದೆ. ಮೊದಲ ಲೋಡು ಇಳಿಸಿದ ಮೇಲೆ ಯು ಬೋಲ್ಟುಗಳು ಸ್ವಲ್ಪ ಸಡಿಲ ಆಗುತ್ತವೆ, ಅವನ್ನು ಮತ್ತೆ ಬಿಗಿ ಮಾಡಿ ಆಯಿತು. ಪಿನ್ನುಗಳ ಗ್ರೀಸ್ ನಿಪ್ಪಲಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಗ್ರೀಸ್ ಗನ್ ಹಿಡಿಯಲು ಸಾಬ್ರಿಗೆ ಹೇಳಿದ್ದಾರೆ. ಹೊಸ ಗ್ರೀಸು ಬದಿಯಿಂದ ಹೊರಗೆ ಬರುವ ತನಕ ಹೊಡೆಯಬೇಕು, ಆಗ ಒಳಗಿನ ಕೆಸರು ನೀರು ಹೊರಗೆ ಬರುತ್ತದೆ. ಬಲದ ಪ್ಲೇಟಿನ ಅಂಚಿನಲ್ಲಿ ಮಾವ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿದ್ದಾರೆ. ಒಳಗೆ ಮತ್ತೆ ತುಕ್ಕು ಶುರುವಾದರೆ ಬಿಳಿ ಗೆರೆಯ ಮೇಲೆ ಮೊದಲು ಕೆಂಪು ನೀರು ಇಳಿಯುತ್ತದೆ. ಲೋಡಿಂಗಿಗೆ ಹೋಗುವವರು ಹತ್ತುವ ಮುಂಚೆ ಹಿಂದಿನ ಎಡ ಚಕ್ರದ ಒಳಗೆ ಒಮ್ಮೆ ಬಗ್ಗಿ ನೋಡಿದರೆ ಸಾಕು, ಅದು ಕಾಣುತ್ತದೆ.